ಬಂಕಾಪುರದ ಫೌಜದಾರಿಯಿಂದ ದೆಹಲಿಯ ನಿರ್ದೇಶಕ ಹುದ್ದೆಯವರೆಗೆ: ಹಾವೇರಿಯ ನಾಲ್ಕು ತಾಲೂಕುಗಳಿಂದ ಕಂಡಂತೆ ಕೇಂದ್ರದ ಪೊಲೀಸ್ ಅಧಿಕಾರ

ಸವಣೂರಿನ ನವಾಬರನ್ನು ನಾವು ಸಾಮಾನ್ಯವಾಗಿ ಸಂಸ್ಥಾನಿಕರ ಪಟ್ಟಿಯಲ್ಲಿಟ್ಟು ಓದುತ್ತೇವೆ. ಮುಂಬಯಿ ಪ್ರಾಂತದ ಸಣ್ಣ ಸಂಸ್ಥಾನಗಳಲ್ಲಿ ಅದೂ ಒಂದು, ಸುಮಾರು 70 ಚದರ ಮೈಲಿಯದು, 1948ರ ಮಾರ್ಚ್ 8ರಂದು ಮುಂಬಯಿಯಲ್ಲಿ ವಿಲೀನವಾದದ್ದು ಎಂದು ಹೇಳಿ ಮುಂದೆ ಹೋಗುತ್ತೇವೆ. ಆ ಮನೆತನದ ಅಧಿಕಾರದ ಬುಡದಲ್ಲಿ ಇರುವುದು ಅರಸೊತ್ತಿಗೆಯಲ್ಲ, ನೌಕರಿ. ದೂರದ ಸಾಮ್ರಾಜ್ಯವೊಂದರ ಪರವಾಗಿ ದಾರಿ ಕಾಯುವುದು, ದರೋಡೆ ತಡೆಯುವುದು, ದಂಗೆ ಅಡಗಿಸುವುದು ಆ ನೌಕರಿಯ ಕೆಲಸ. ಇಂದಿನ ಮಾತಿನಲ್ಲಿ ಹೇಳುವುದಾದರೆ ಕೇಂದ್ರ ಸರ್ಕಾರದ ಹಿರಿಯ ಪೊಲೀಸ್ ಅಧಿಕಾರಿಯ ಹುದ್ದೆ. ಮುನ್ನೂರು ಚಿಲ್ಲರೆ ವರ್ಷಗಳ ನಂತರ ಅದೇ ಬಗೆಯ ಹೊಣೆಯ ಅತಿ ಎತ್ತರದ ಕುರ್ಚಿಯಲ್ಲಿ, ಅಂದರೆ ಕೇಂದ್ರೀಯ ತನಿಖಾ ದಳದ (ಸಿಬಿಐ) ನಿರ್ದೇಶಕರ ಸ್ಥಾನದಲ್ಲಿ, ಕರ್ನಾಟಕ ಕೇಡರಿನ ಅಧಿಕಾರಿಗಳು ಕುಳಿತರು. ಜೋಗಿಂದರ್ ಸಿಂಗ್, ಡಿ.ಆರ್. ಕಾರ್ತಿಕೇಯನ್, ಪ್ರವೀಣ್ ಸೂದ್ ಅವರಲ್ಲಿ ಮೂವರು. ಈ ಎರಡು ಹುದ್ದೆಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ನೆಲದ ಮೇಲೆ ನಿಂತು ಅವನ್ನು ನೋಡುವುದು ಈ ಟಿಪ್ಪಣಿಯ ಉದ್ದೇಶ. ಕೇಳುವ ಪ್ರಶ್ನೆಗಳು ಎರಡೇ. ಕೇಂದ್ರದ ಅಧಿಕಾರಿ ಈ ಸೀಮೆಗೆ ಯಾರ ಒಪ್ಪಿಗೆಯಿಂದ ಬರುತ್ತಾನೆ? ಆ ಹುದ್ದೆಯಲ್ಲಿ ಎಷ್ಟು ಕಾಲ ಇರುತ್ತಾನೆ?

ಈ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಹಾನಗಲ್ ಮತ್ತು ಹಿರೇಕೆರೂರು ಮಲೆನಾಡಿನ ಸೆರಗಿನ ಭತ್ತದ ನಾಡು. ಶಿಗ್ಗಾವಿ, ಸವಣೂರು ಬಯಲುಸೀಮೆಗೆ ತೆರೆದುಕೊಳ್ಳುತ್ತವೆ. ಒಂದು ಕಡೆ ಬನವಾಸಿ, ಇನ್ನೊಂದು ಕಡೆ ಪುಲಿಗೆರೆ. ಚಾಲುಕ್ಯರು, ಕಳಚುರಿಗಳು, ಹೊಯ್ಸಳರು, ವಿಜಯನಗರ, ಬಿಜಾಪುರ, ಮೊಘಲರು, ಪೇಶ್ವೆಗಳು, ಹೈದರ್ ಮತ್ತು ಟಿಪ್ಪು, ಕೊನೆಗೆ ಕಂಪನಿ ಸರ್ಕಾರ ಎಲ್ಲವೂ ಈ ನೆಲಕ್ಕಾಗಿ ಸೆಣಸಿವೆ. ಗಡಿನಾಡಿನಲ್ಲಿ ಕಳ್ಳನನ್ನು ಹಿಡಿಯುವುದಕ್ಕಿಂತ ಮೊದಲು ಏಳುವ ಪ್ರಶ್ನೆ, ಹಿಡಿಯುವ ಅಧಿಕಾರ ಯಾರದು ಎನ್ನುವುದು. ಹಾನಗಲ್ ಮತ್ತು ಹಿರೇಕೆರೂರು ಭಾಗದ ವೀರಗಲ್ಲುಗಳಲ್ಲಿ ತುರುಗೋಳಿನ ಕಲ್ಲುಗಳು ಅನೇಕ. ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತ ಊರ ಮಕ್ಕಳ ಸ್ಮಾರಕಗಳು ಅವು. ಅರಸನ ದಂಡು ಬರುವ ಮೊದಲು ಊರೇ ತನ್ನ ಪೊಲೀಸ್ ಆಗಿತ್ತು ಎಂಬುದಕ್ಕೆ ಅವಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ.

ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ ಹಾನಗಲ್ಲು ಪಾನುಂಗಲ್ 500ರ ಮುಖ್ಯ ಪಟ್ಟಣ. ಅಲ್ಲಿ ಕದಂಬರ ಶಾಖೆಯೊಂದು ಮಾಂಡಲಿಕರಾಗಿ ಆಳುತ್ತಿತ್ತು. ಅವರ ಮೇಲೆ, ಕೆಲವೊಮ್ಮೆ ಅವರ ಪಕ್ಕದಲ್ಲೇ, ಚಕ್ರವರ್ತಿ ನೇರವಾಗಿ ನೇಮಿಸಿದ ದಂಡನಾಯಕರು ಇರುತ್ತಿದ್ದರು. ಆರನೆಯ ವಿಕ್ರಮಾದಿತ್ಯನ ಕಾಲದ ಅನಂತಪಾಲ ದಂಡನಾಯಕ ಇದಕ್ಕೆ ಒಳ್ಳೆಯ ಉದಾಹರಣೆ. ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300ರ ಆಡಳಿತದ ಜತೆಗೆ ಸಪ್ತಾರ್ಧಲಕ್ಷ ದೇಶದ ಪನ್ನಾಯವೆಂಬ ಸುಂಕವೂ ಅವನ ಹೊಣೆ. ಅಂದರೆ ಅವನ ಕೈ ಒಂದೇ ನಾಡಿಗೆ ಸೀಮಿತವಾಗಿರಲಿಲ್ಲ, ಸುಂಕ ಹರಿಯುವ ದಾರಿಯುದ್ದಕ್ಕೂ ಚಾಚಿತ್ತು. ಶಾಸನಗಳು ಇಂಥವರ ಕೆಲಸವನ್ನು ‘ದುಷ್ಟನಿಗ್ರಹ ಶಿಷ್ಟಪ್ರತಿಪಾಲನೆ’ ಎಂದು ಕರೆಯುತ್ತವೆ. ಇದು ರೂಢಿಯ ಮಾತೇ. ಆದರೂ ಕಂದಾಯ, ದಂಡು, ದಂಡನೆ ಮೂರೂ ಒಂದೇ ಕೈಯಲ್ಲಿದ್ದವು ಎಂಬ ಸಂಗತಿಯನ್ನು ಅದು ಸರಿಯಾಗಿ ಹಿಡಿದಿಡುತ್ತದೆ.

ಸ್ಥಳೀಯ ವ್ಯಾಜ್ಯವೊಂದು ರಾಜಧಾನಿಯವರೆಗೆ ಹೋದದ್ದರ ವಿವರವಾದ ದಾಖಲೆ ಈ ಸೀಮೆಯಲ್ಲೇ ಇದೆ. ಹಿರೇಕೆರೂರು ತಾಲೂಕಿನ ಅಬಲೂರಿನ ಸೋಮೇಶ್ವರ ಗುಡಿಯ, ಕ್ರಿ.ಶ. 1200ರ ಹೊತ್ತಿನ ಶಾಸನ ಅದು. ಏಕಾಂತದ ರಾಮಯ್ಯನ ಪವಾಡಕ್ಕಾಗಿ ಅದನ್ನು ಓದುವವರೇ ಹೆಚ್ಚು. ನಾನು ಇಲ್ಲಿ ಅದನ್ನು ಪ್ರಕರಣದ ಕಡತವಾಗಿ ಓದುತ್ತಿದ್ದೇನೆ. ಊರಿನ ಸಂಕಗೌಡನ ನೇತೃತ್ವದ ಜೈನರಿಗೂ ಶಿವಭಕ್ತ ರಾಮಯ್ಯನಿಗೂ ವಾದ ಬೀಳುತ್ತದೆ. ರಾಮಯ್ಯ ತಲೆ ಕೊಯ್ದುಕೊಂಡು ಮತ್ತೆ ಪಡೆದರೆ ಜಿನಬಿಂಬ ತೆಗೆದು ಶಿವನನ್ನು ನಿಲ್ಲಿಸುತ್ತೇವೆ ಎಂದು ಓಲೆಯಲ್ಲಿ ಬರೆದುಕೊಡುತ್ತಾರೆ. ರಾಮಯ್ಯ ಹೇಳಿದಂತೆ ಮಾಡಿದನೆಂದೂ, ಎದುರು ಪಕ್ಷದವರು ಮಾತಿಗೆ ತಪ್ಪಿದರೆಂದೂ, ಅವನು ತಾನೇ ಬಿಂಬ ಕೆಡವಿದನೆಂದೂ ಶಾಸನ ಹೇಳುತ್ತದೆ. ಆಗ ಜೈನರು ಕಳಚುರಿ ಬಿಜ್ಜಳನಿಗೆ ದೂರು ಕೊಡುತ್ತಾರೆ. ಬಿಜ್ಜಳ ರಾಮಯ್ಯನನ್ನು ಕರೆಸಿ ಕೇಳುತ್ತಾನೆ. ರಾಮಯ್ಯ ಬರಹದ ಓಲೆಯನ್ನು ಮುಂದಿಟ್ಟು, ಮತ್ತೊಮ್ಮೆ ಪಣಕ್ಕೆ ಸಿದ್ಧ ಎನ್ನುತ್ತಾನೆ. ದೂರುದಾರರು ಒಪ್ಪುವುದಿಲ್ಲ. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಡುತ್ತಾನೆ. ಮುಂದೆ ಹಾನಗಲ್ಲಿನ ಕದಂಬ ಕಾಮದೇವ ಆ ಗುಡಿಗೆ ಊರೊಂದನ್ನು ದತ್ತಿ ಬಿಡುತ್ತಾನೆ.

ಇದು ಗೆದ್ದ ಪಕ್ಷದವರು ಕೆತ್ತಿಸಿದ ಕಲ್ಲು. ಸೋತವರ ಹೇಳಿಕೆ ಅಲ್ಲಿಲ್ಲ. ಅದನ್ನು ಮರೆಯದೆ, ನಡೆದ ಕ್ರಮವನ್ನಷ್ಟೇ ಗಮನಿಸಬೇಕು. ಊರ ಗೌಡನೇ ಒಂದು ಪಕ್ಷವಾದಾಗ ಊರಿನಲ್ಲಿ ನ್ಯಾಯ ಸಿಗದು ಎಂದು ವ್ಯಾಜ್ಯ ಮೇಲಕ್ಕೆ ಹೋಗಿದೆ. ಮೇಲಿನವನು ಲಿಖಿತ ಪುರಾವೆ ನೋಡಿದ್ದಾನೆ, ಇಬ್ಬರನ್ನೂ ಕೇಳಿದ್ದಾನೆ, ತೀರ್ಪನ್ನು ಬರಹದಲ್ಲಿ ಕೊಟ್ಟಿದ್ದಾನೆ. ಆಮೇಲೆ ಆ ಗುಡಿಗೆ ನೆಲದ ಆಸರೆ ಒದಗಿದ್ದು ಸ್ಥಳೀಯ ಮಾಂಡಲಿಕನ ಕೈಯಿಂದಲೂ. ಇಂದು ಹಾನಗಲ್ಲಿನ ಒಬ್ಬ ದೂರುದಾರ ‘ಈ ಠಾಣೆಯ ಮೇಲೆ ನನಗೆ ನಂಬಿಕೆಯಿಲ್ಲ, ಸಿಬಿಐಗೆ ಕೊಡಿ’ ಎಂದಾಗ ಅವನು ಕೇಳುವುದು ಇದೇ ಕ್ರಮವನ್ನು.

ಈಗ ಫೌಜದಾರಿಗೆ ಬರೋಣ. 1686ರ ಸೆಪ್ಟೆಂಬರಿನಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಶರಣಾಗತಿಯ ಮಾತುಕತೆಗೆ ಹೋದ ಆದಿಲಶಾಹಿ ಸರದಾರರಲ್ಲಿ ಒಬ್ಬ ಅಬ್ದುಲ್ ರವೂಫ್ ಖಾನ್. ಬಿಜಾಪುರದ ಆಡಳಿತದ ಚುಕ್ಕಾಣಿ ಹಿಡಿದಿದ್ದ ಮಿಯಾನಾ ಪಠಾಣ ಬಹಲೋಲ್ ಖಾನನ ಮಗ. ಔರಂಗಜೇಬ ಅವನಿಗೆ ದಿಲೇರ್ ಖಾನ್ ಎಂಬ ಬಿರುದು ಮತ್ತು ಎತ್ತರದ ಮನ್ಸಬು ಕೊಟ್ಟ. ಬಂಕಾಪುರ, ತೊರಗಲ್ಲು, ಅಜಮನಗರ ಅಂದರೆ ಬೆಳಗಾವಿ ಅವನ ಪಾಲಿಗೆ ಬಂದವು. ಆಮೇಲೆ ಮನೆತನದ ನೆಲೆ ಬಂಕಾಪುರದ ಕೋಟೆಯಿಂದ ಸವಣೂರಿಗೆ ಸರಿಯಿತು. ಕರ್ನೂಲು, ಕಡಪ, ಸವಣೂರಿನ ಈ ಪಠಾಣ ಮನೆತನಗಳನ್ನು ದಖನ್ನಿನ ಇತಿಹಾಸಕಾರರು ಸುಬೇದಾರನ ಕೆಳಗಿನ ಫೌಜದಾರರೆಂದೇ ಗುರುತಿಸುತ್ತಾರೆ. (ಈ ಭಾಗದ ಹಳ್ಳಿಗಳಲ್ಲಿ ಪಿಎಸ್‌ಐಯನ್ನು ಇಂದಿಗೂ ಫೌಜದಾರ ಎನ್ನುವುದುಂಟು. ಇಲ್ಲಿ ಮಾತನಾಡುತ್ತಿರುವುದು ಆ ಹುದ್ದೆಯ ಬಗ್ಗೆ ಅಲ್ಲ.)

ಮೊಘಲ್ ವ್ಯವಸ್ಥೆಯಲ್ಲಿ ಫೌಜದಾರನ ಕೆಲಸಗಳು ಸ್ಪಷ್ಟವಾಗಿ ಬರೆದಿಟ್ಟಂಥವು. ಹೆದ್ದಾರಿಯಲ್ಲಿ ವರ್ತಕರು ನಿರ್ಭಯವಾಗಿ ಓಡಾಡಬೇಕು. ದರೋಡೆಕೋರರ ಅಡಗುಕೋಟೆಗಳನ್ನು ಕೆಡವಬೇಕು. ಕಮ್ಮಾರರು ಬಂದೂಕು ತಯಾರಿಸದಂತೆ ನೋಡಿಕೊಳ್ಳಬೇಕು. ಕಂದಾಯ ಕೊಡದೆ ಸೆಟೆದು ನಿಂತ ಹಳ್ಳಿಯ ಮೇಲೆ ದಂಡು ಒಯ್ಯಬೇಕಾದರೆ ಕಂದಾಯ ಅಧಿಕಾರಿಯಾದ ಅಮಿಲನಿಂದ ಲಿಖಿತ ಕೋರಿಕೆ ಪಡೆಯಬೇಕು. ಪಟ್ಟಣದ ಕಾವಲು ಕೊತ್ವಾಲನದು, ತೀರ್ಪು ಖಾಜಿಯದು. ಚಾಲುಕ್ಯರ ದಂಡನಾಯಕನಲ್ಲಿ ಒಂದಾಗಿದ್ದ ಅಧಿಕಾರಗಳನ್ನು ಇಲ್ಲಿ ಬಿಡಿಸಿ ಹಂಚಿದ್ದಾರೆ. ಅಮಿಲನ ಲಿಖಿತ ಕೋರಿಕೆಯ ನಿಯಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬಲ ಇರುವವನು ತಾನಾಗಿ ನುಗ್ಗಬಾರದು, ಇನ್ನೊಬ್ಬ ಅಧಿಕಾರಿ ಕಾಗದದ ಮೇಲೆ ಕರೆಯಬೇಕು ಎಂಬ ವಿವೇಕ ಅದರಲ್ಲಿದೆ. ಇನ್ನೊಂದು ತಡೆ ವರ್ಗಾವಣೆ. ಫೌಜದಾರ ಒಂದೇ ಕಡೆ ಬೇರು ಬಿಡಬಾರದು ಎಂಬುದು ವ್ಯವಸ್ಥೆಯ ಮೂಲ ಕಲ್ಪನೆಯಾಗಿತ್ತು.

1707ರಲ್ಲಿ ಔರಂಗಜೇಬ ಸತ್ತ ಮೇಲೆ ಈ ಎರಡೂ ತಡೆಗಳು ಸಡಿಲವಾದವು. ವರ್ಗ ಮಾಡುವವರಿಲ್ಲ. ಮಗನಿಗೆ, ಮೊಮ್ಮಗನಿಗೆ ಹುದ್ದೆ ಇಳಿಯಿತು. ಸಾಮ್ರಾಜ್ಯದ ಪರವಾಗಿ ದಂಗೆ ಅಡಗಿಸಬೇಕಾದ ಮನೆತನ ತಾನೇ ದಂಗೆಯ ಪಕ್ಷವಾಯಿತು. 1750ರ ಡಿಸೆಂಬರಿನಲ್ಲಿ ನಿಜಾಮ ನಾಸಿರ್ ಜಂಗ್ ಕೊಲೆಯಾದದ್ದು ಪಠಾಣ ನವಾಬರ ಸಂಚಿನಿಂದ. ಎರಡೇ ತಿಂಗಳಲ್ಲಿ, ರಾಯಚೋಟಿಯ ಹತ್ತಿರದ ಕಾಳಗದಲ್ಲಿ, ಹೊಸ ನಿಜಾಮ ಮುಜಫರ್ ಜಂಗನೂ ಸತ್ತ, ಸವಣೂರಿನ ನವಾಬನೂ ಸತ್ತ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್ ನಿಜಾಮನ ಕಡೆಯವರ ಮತ್ತು ಫ್ರೆಂಚ್ ಸೇನಾನಿ ಬುಸ್ಸಿಯ ನೆರವಿನಿಂದ ಸವಣೂರಿಗೆ ಮುತ್ತಿಗೆ ಹಾಕಿದ. ಪೇಶ್ವೆಯನ್ನು ಬಿಟ್ಟು ಬಂದ ಫಿರಂಗಿ ಸೇನಾನಿ ಮುಜಫರ್ ಖಾನನಿಗೆ ಆಶ್ರಯ ಕೊಟ್ಟದ್ದು ಅದಕ್ಕೊಂದು ಕಾರಣ. ಪರಾರಿಯಾದವರನ್ನು ಹಿಡಿದೊಪ್ಪಿಸಬೇಕಾದ ಹುದ್ದೆಯ ವಾರಸುದಾರ ಪರಾರಿಯಾದವನಿಗೇ ಕೋಟೆಯ ಬಾಗಿಲು ತೆರೆದದ್ದನ್ನು ನೋಡಿದರೆ ಆ ಹುದ್ದೆ ಎಷ್ಟು ದೂರ ಬಂದಿತ್ತು ಎಂದು ತಿಳಿಯುತ್ತದೆ. 1779ರಲ್ಲಿ ಹೈದರ್ ಅಲಿಯೊಡನೆ ಮದುವೆಯ ನಂಟು ಬೆಳೆಯಿತು. 1786ರಲ್ಲಿ ಅವನ ಮಗ ಟಿಪ್ಪುವೇ ಸವಣೂರನ್ನು ಹಿಡಿದ.

ನನ್ನ ನಿಲುವು ಇದು: ಸವಣೂರಿನ ಕಥೆ ಒಬ್ಬ ಮನುಷ್ಯನ ಅಥವಾ ಒಂದು ಮನೆತನದ ಗುಣದೋಷದ ಕಥೆಯಲ್ಲ. ಅವಧಿಗೆ ಮಿತಿಯಿಲ್ಲದ, ಯಾರ ಒಪ್ಪಿಗೆಯೂ ಬೇಕಿಲ್ಲದ ಪೊಲೀಸ್ ಅಧಿಕಾರ ಕಾಲಕ್ರಮದಲ್ಲಿ ಆಳ್ವಿಕೆಯೇ ಆಗಿಬಿಡುತ್ತದೆ ಎಂಬುದರ ಕಥೆ.

ಒಪ್ಪಿಗೆಯ ಪ್ರಶ್ನೆ 1800ರಲ್ಲಿ ಬೇರೊಂದು ರೂಪದಲ್ಲಿ ಇದೇ ನೆಲಕ್ಕೆ ಬಂತು. ಚನ್ನಗಿರಿಯ ಧೋಂಡಿಯಾ ವಾಘ್ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದವನು. 1799ರ ಮೇನಲ್ಲಿ ಕೋಟೆ ಬಿದ್ದಾಗ ಹೊರಬಿದ್ದು ದಂಡು ಕಟ್ಟಿದ. ಕಂಪನಿಯ ಸೈನ್ಯ ಬೆನ್ನಟ್ಟಿದರೆ ತುಂಗಭದ್ರೆ ದಾಟಿ ಪೇಶ್ವೆಯ ಸೀಮೆಗೆ ಹೋಗುತ್ತಿದ್ದ. ನದಿಯೇ ಅಧಿಕಾರದ ಗಡಿ. ಪೇಶ್ವೆಯ ಅನುಮತಿ ದೊರೆತ ಮೇಲೆಯೇ ಆರ್ಥರ್ ವೆಲ್ಲೆಸ್ಲಿ 1800ರ ಬೇಸಿಗೆಯ ಕೊನೆಗೆ ನದಿ ದಾಟಿದ್ದು. ಜುಲೈನಲ್ಲಿ ಅವನ ದಂಡು ಸವಣೂರಿನಲ್ಲಿತ್ತು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯಾ ಹತನಾದ. ಕಂಪನಿಯ ಕಣ್ಣಿಗೆ ದರೋಡೆಕೋರನಾದ ಇವನನ್ನು ಬ್ರಿಟಿಷರ ವಿರುದ್ಧ ಕತ್ತಿ ಎತ್ತಿದವರ ಸಾಲಿನಲ್ಲಿ ಕಾಣುವವರೂ ನಮ್ಮಲ್ಲಿದ್ದಾರೆ. ಆ ಚರ್ಚೆಗೆ ಇಲ್ಲಿ ಎಡೆಯಿಲ್ಲ. ಆ ಕಾಲದಲ್ಲೂ ಇನ್ನೊಬ್ಬರ ಸೀಮೆಯೊಳಗೆ ಅಪರಾಧಿಯನ್ನು ಬೆನ್ನಟ್ಟಲು ಆ ಸೀಮೆಯ ಒಡೆಯನ ಒಪ್ಪಿಗೆ ಬೇಕಾಯಿತು ಎಂಬುದಷ್ಟೇ ನಮ್ಮ ಎಣಿಕೆಗೆ ಸೇರುತ್ತದೆ.

1818ರ ನಂತರ ಹಾನಗಲ್ಲು, ಶಿಗ್ಗಾವಿ ಕೇಂದ್ರವಾದ ಬಂಕಾಪುರ ತಾಲೂಕು, ಹಿರೇಕೆರೂರು ಕೇಂದ್ರವಾದ ಕೋಡ ತಾಲೂಕು ಧಾರವಾಡ ಜಿಲ್ಲೆಯೊಳಗೆ ಸೇರಿದವು. ಸವಣೂರು ಮಾತ್ರ ಸಂಸ್ಥಾನವಾಗಿ ಉಳಿಯಿತು. ಶಿಗ್ಗಾವಿಯ ಬದಿಯಲ್ಲಿ ತಪ್ಪು ಮಾಡಿದವನು ಸವಣೂರಿನ ಎಲ್ಲೆ ದಾಟಿದರೆ ಬೇರೆ ಸರ್ಕಾರದ ನೆಲ. ಆದರೆ ಧಾರವಾಡದ ಕಲೆಕ್ಟರನೇ ಸವಣೂರಿನ ಪೊಲಿಟಿಕಲ್ ಏಜೆಂಟ್ ಆಗಿದ್ದ. ಎಲ್ಲೆಯ ಎರಡೂ ಬದಿಯ ಕಾಗದ ಒಂದೇ ಮೇಜಿಗೆ ಬಂದು ಬೀಳುತ್ತಿತ್ತು. ಹಳ್ಳಿಯಲ್ಲಿ ಪೊಲೀಸ್ ಪಾಟೀಲ, ಮೇಲೆ ಜಿಲ್ಲಾ ಸೂಪರಿಂಟೆಂಡೆಂಟ್. ಇವರೆಲ್ಲರ ಅಧಿಕಾರ ಜಿಲ್ಲೆಯ ಗಡಿಗೆ ನಿಲ್ಲುತ್ತಿತ್ತು. ಗಡಿ ಮೀರಿದ ಮೊದಲ ವ್ಯವಸ್ಥೆ ವಿಲಿಯಂ ಸ್ಲೀಮನ್ ಮುನ್ನಡೆಸಿದ ಥಗ್ಗಿ ಮತ್ತು ಡಕಾಯಿತಿ ಇಲಾಖೆ. 1836ರ ಕಾಯ್ದೆ ಥಗ್ಗನನ್ನು, ಕೃತ್ಯ ನಡೆದ ಜಾಗ ಯಾವುದೇ ಇರಲಿ, ಬೇರೆ ಜಿಲ್ಲೆಯ ನ್ಯಾಯಾಲಯದಲ್ಲೂ ವಿಚಾರಿಸಲು ಅವಕಾಶ ಕೊಟ್ಟಿತು. 1904ರಲ್ಲಿ ಆ ಇಲಾಖೆಯ ಜಾಗಕ್ಕೆ ಕೇಂದ್ರದ ಕ್ರಿಮಿನಲ್ ಇಂಟೆಲಿಜೆನ್ಸ್ ಇಲಾಖೆ ಬಂತು.

ಇಂದಿನ ಸಿಬಿಐಯ ತಾಯಿಬೇರು ಇನ್ನೊಂದು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಸರಬರಾಜಿನಲ್ಲಿ ಲಂಚ ಹೆಚ್ಚಿದಾಗ, 1941ರಲ್ಲಿ ವಿಶೇಷ ಪೊಲೀಸ್ ಪಡೆಯೊಂದನ್ನು ಕಟ್ಟಿದರು. ಯುದ್ಧ ಮುಗಿದ ಮೇಲೆ ಅದನ್ನು ಉಳಿಸಿಕೊಳ್ಳಲು 1946ರಲ್ಲಿ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆ ಬಂತು. 1963ರ ಏಪ್ರಿಲ್ 1ರಂದು ಗೃಹ ಸಚಿವಾಲಯದ ನಿರ್ಣಯದ ಮೂಲಕ ಸಿಬಿಐ ಹುಟ್ಟಿತು. ಡಿ.ಪಿ. ಕೊಹ್ಲಿ ಮೊದಲ ನಿರ್ದೇಶಕ. ಸಿಬಿಐಗೆ ಅದರದೇ ಹೆಸರಿನ ಕಾಯ್ದೆ ಇಲ್ಲ. 2013ರ ನವೆಂಬರ್ 6ರಂದು ಗುವಾಹಟಿ ಹೈಕೋರ್ಟ್ ಆ ನಿರ್ಣಯವನ್ನೇ ಅಸಿಂಧು ಎಂದಿತು. ಮೂರೇ ದಿನದಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದರಿಂದ ಸಂಸ್ಥೆ ನಡೆದಿದೆ.

ಪೊಲೀಸ್ ವಿಷಯ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ. ಕೇಂದ್ರಪಟ್ಟಿಯ 80ನೇ ನಮೂದು ಒಂದು ರಾಜ್ಯದ ಪೊಲೀಸರ ಅಧಿಕಾರವನ್ನು ಇನ್ನೊಂದು ರಾಜ್ಯಕ್ಕೆ ಚಾಚಲು ಅವಕಾಶ ಕೊಡುತ್ತದೆ, ಆದರೆ ಆ ರಾಜ್ಯದ ಒಪ್ಪಿಗೆ ಬೇಕು. 1946ರ ಕಾಯ್ದೆಯ 6ನೇ ಕಲಮು ಹೇಳುವುದೂ ಅದನ್ನೇ. ಕೇಂದ್ರಾಡಳಿತ ಪ್ರದೇಶ ಮತ್ತು ರೈಲ್ವೆ ಪ್ರದೇಶಕ್ಕೆ ಮಾತ್ರ ವಿನಾಯಿತಿ. ಇದನ್ನು ನಮ್ಮ ನೆಲಕ್ಕೆ ಇಳಿಸಿ ನೋಡಿದರೆ, ಸವಣೂರು ತಾಲೂಕಿನ ಯಲವಿಗಿ ರೈಲು ನಿಲ್ದಾಣದ ಆವರಣಕ್ಕೆ ಆ ಒಪ್ಪಿಗೆಯ ಮಾತು ಬರುವುದಿಲ್ಲ. ಬೇಲಿಯಾಚೆಯ ಯಲವಿಗಿ ಊರಿಗೆ ಬರುತ್ತದೆ. 2008ರಲ್ಲಿ ಬಂದ ರಾಷ್ಟ್ರೀಯ ತನಿಖಾ ದಳಕ್ಕೆ ಮಾತ್ರ ಅದರ ಕಾಯ್ದೆಯ ಪಟ್ಟಿಯಲ್ಲಿರುವ ಅಪರಾಧಗಳ ಮಟ್ಟಿಗೆ ಒಪ್ಪಿಗೆಯ ಅಗತ್ಯವಿಲ್ಲ.

ಇನ್ನು ಆ ಕುರ್ಚಿಗೆ ಹೋಗುವ ದಾರಿ. ಐಪಿಎಸ್ ಅಖಿಲ ಭಾರತ ಸೇವೆ. ನೇಮಕ ಮಾಡುವುದು ಕೇಂದ್ರ, ದುಡಿಯುವುದು ಹೆಚ್ಚಾಗಿ ರಾಜ್ಯದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯ ತರಬೇತಿ ಮುಗಿಸಿ ಉಪವಿಭಾಗದಲ್ಲಿ ಸಹಾಯಕ ಸೂಪರಿಂಟೆಂಡೆಂಟ್, ಆಮೇಲೆ ಜಿಲ್ಲೆಗೆ ಎಸ್‌ಪಿ, ವಲಯಕ್ಕೆ ಐಜಿಪಿ. ಹಾವೇರಿಯ ಎಸ್‌ಪಿ ದಾವಣಗೆರೆಯಲ್ಲಿ ಕುಳಿತ ಪೂರ್ವ ವಲಯದ ಐಜಿಪಿಗೆ ಉತ್ತರಿಸಬೇಕು. ನಡುವೆ ಕೇಂದ್ರದ ಎರವಲು ಸೇವೆ. ಪ್ರವೀಣ್ ಸೂದ್ ಅವರ ವೃತ್ತಿಯನ್ನು ಈ ಮೆಟ್ಟಿಲುಗಳ ಮೇಲಿಟ್ಟು ನೋಡಬಹುದು. ಹಿಮಾಚಲದವರು, ದೆಹಲಿ ಐಐಟಿಯಲ್ಲಿ ಓದಿದವರು, 1986ರ ತಂಡದಲ್ಲಿ ಕರ್ನಾಟಕ ಕೇಡರಿಗೆ ಬಂದರು. ಬಳ್ಳಾರಿ, ರಾಯಚೂರಿನಲ್ಲಿ ಎಸ್‌ಪಿ, 1999ರಿಂದ ಮಾರಿಷಸ್ ಸರ್ಕಾರಕ್ಕೆ ಪೊಲೀಸ್ ಸಲಹೆಗಾರ, ಮೈಸೂರಿನ ಆಯುಕ್ತ, 2017ರಲ್ಲಿ ಬೆಂಗಳೂರಿನ ಆಯುಕ್ತ, 2020ರ ಜನವರಿ 31ರಂದು ರಾಜ್ಯದ ಪೊಲೀಸ್ ಮಹಾನಿರ್ದೇಶಕ. ಆಗ ರಾಜ್ಯದ ಗೃಹ ಸಚಿವರು ಶಿಗ್ಗಾವಿಯ ಶಾಸಕ ಬಸವರಾಜ ಬೊಮ್ಮಾಯಿ. 2023ರ ಮೇ 13ರಂದು, ಕರ್ನಾಟಕದ ಚುನಾವಣಾ ಫಲಿತಾಂಶ ಬಂದ ದಿನವೇ, ದೆಹಲಿಯಲ್ಲಿ ಆಯ್ಕೆ ಸಮಿತಿ ಸೇರಿತು. ಲೋಕಸಭೆಯ ಕಾಂಗ್ರೆಸ್ ನಾಯಕ ಅಧೀರ್ ರಂಜನ್ ಚೌಧರಿ ಭಿನ್ನಮತ ದಾಖಲಿಸಿದರು. ಮೇ 25ರಂದು ಸೂದ್ ಅಧಿಕಾರ ವಹಿಸಿಕೊಂಡರು. 2025ರ ಮೇನಲ್ಲಿ ಅವರ ಅವಧಿಗೆ ಒಂದು ವರ್ಷದ ವಿಸ್ತರಣೆ ಸಿಕ್ಕಿತು.

ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಕರ್ನಾಟಕ ಕೇಡರಿನ ಇಬ್ಬರಿಗೆ ಕಾಲ ಇಷ್ಟು ದೊರೆಯಲಿಲ್ಲ. 1961ರ ತಂಡದ ಜೋಗಿಂದರ್ ಸಿಂಗ್ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರ ಜುಲೈ 31ರಂದು ನಿರ್ದೇಶಕರಾದರು. ಬೋಫೋರ್ಸ್ ಕಾಗದಗಳು ಸ್ವಿಟ್ಜರ್ಲೆಂಡಿನಿಂದ ಬಂದದ್ದು, ಬಿಹಾರದ ಮೇವು ಹಗರಣದ ತನಿಖೆ ಬಿಸಿಯೇರಿದ್ದು ಅವರ ಕಾಲದಲ್ಲಿ. 1997ರ ಜೂನ್ 30ಕ್ಕೆ ಅವರನ್ನು ಗೃಹ ಸಚಿವಾಲಯಕ್ಕೆ ಕಳಿಸಲಾಯಿತು. ಸಿಕ್ಕಿದ್ದು 11 ತಿಂಗಳು. ಡಿ.ಆರ್. ಕಾರ್ತಿಕೇಯನ್ ಹೆಸರು ಕನ್ನಡ ಓದುಗರಿಗೆ ಇನ್ನೂ ಹತ್ತಿರದ್ದು. ರಾಜೀವ್ ಗಾಂಧಿ ಹತ್ಯೆಯ ವಿಶೇಷ ತನಿಖಾ ತಂಡದ ಮುಖ್ಯಸ್ಥರು ಅವರು. ಶಿವರಸನ್ ಮತ್ತು ಸಂಗಡಿಗರು 1991ರ ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯಲ್ಲಿ ಸತ್ತದ್ದು, ಒಂದು ವರ್ಷದೊಳಗೆ, 1992ರ ಮೇ 20ರಂದು, ದೋಷಾರೋಪ ಪಟ್ಟಿ ಸಲ್ಲಿಕೆಯಾದದ್ದು ಆ ತಂಡದ ಕಾಲದಲ್ಲಿ. 1998ರ ಜನವರಿ 31ರಿಂದ ಮಾರ್ಚ್ 31ರವರೆಗೆ ಅವರು ಪ್ರಭಾರಿ ನಿರ್ದೇಶಕರಾಗಿದ್ದರು. ಅದಕ್ಕೆ ಒಂದೂವರೆ ತಿಂಗಳು ಮುಂಚೆಯಷ್ಟೇ, 1997ರ ಡಿಸೆಂಬರ್ 18ರಂದು, ವಿನೀತ್ ನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು ಎಂದಿತ್ತು. ಕರ್ನಾಟಕ ಕೇಡರಿನ ಮತ್ತೊಬ್ಬರಾದ ಆರ್.ಕೆ. ದತ್ತಾ ಸಿಬಿಐಯ ವಿಶೇಷ ನಿರ್ದೇಶಕರಾಗಿದ್ದರು. 2016ರ ಕೊನೆಯಲ್ಲಿ, ನಿರ್ದೇಶಕರ ನಿವೃತ್ತಿಯ ಹೊಸ್ತಿಲಲ್ಲಿ, ಅವರನ್ನು ಗೃಹ ಸಚಿವಾಲಯಕ್ಕೆ ವರ್ಗ ಮಾಡಿದರು. ಮರುವರ್ಷ ಅವರು ರಾಜ್ಯದ ಪೊಲೀಸ್ ಮಹಾನಿರ್ದೇಶಕರಾದರು.

ನಿರ್ದೇಶಕರ ದಿನನಿತ್ಯದ ಕರ್ತವ್ಯ ಸಿನಿಮಾದಲ್ಲಿ ಕಾಣುವಂಥದ್ದಲ್ಲ. ದೂರಿನ ಮೇಲೆ ಪ್ರಾಥಮಿಕ ವಿಚಾರಣೆ ಸಾಕೇ, ಪ್ರಕರಣ ದಾಖಲಿಸಬೇಕೇ ಎಂಬ ತೀರ್ಮಾನ, ತನಿಖಾಧಿಕಾರಿಗೂ ಕಾನೂನು ಅಧಿಕಾರಿಗೂ ಅಭಿಪ್ರಾಯ ಕೂಡದಿದ್ದಾಗ ಅಂತಿಮ ನಿಲುವು, ಇಂಟರ್‌ಪೋಲ್ ಜತೆಗಿನ ವ್ಯವಹಾರದ ಹೊಣೆ. ಭ್ರಷ್ಟಾಚಾರ ಪ್ರಕರಣಗಳಲ್ಲಿ ಮೇಲುಸ್ತುವಾರಿ ಕೇಂದ್ರ ಜಾಗೃತ ಆಯೋಗದ್ದು, ಉಳಿದವುಗಳಲ್ಲಿ ಕೇಂದ್ರ ಸರ್ಕಾರದ್ದು. ಹಾವೇರಿಯಂಥ ಜಿಲ್ಲೆಯಲ್ಲಿ ಈ ಸಂಸ್ಥೆ ಜನರ ಕಣ್ಣಿಗೆ ಬೀಳಬಹುದಾದ ಜಾಗಗಳು ಸಣ್ಣವು: ರಾಷ್ಟ್ರೀಕೃತ ಬ್ಯಾಂಕಿನ ಶಾಖೆ, ಅಂಚೆ ಕಚೇರಿ, ಕೇಂದ್ರದ ಯಾವುದಾದರೂ ಇಲಾಖೆ. ಲಂಚ ಕೇಳಿದನೆಂಬ ದೂರು ಬಂದರೆ ಪಂಚರ ಮುಂದೆ ನೋಟುಗಳ ಸಂಖ್ಯೆ ಬರೆದುಕೊಂಡು ಫಿನಾಫ್ಥಲಿನ್ ಪುಡಿ ಹಚ್ಚುತ್ತಾರೆ. ಮುಟ್ಟಿದ ಕೈಯನ್ನು ಸೋಡಾ ದ್ರಾವಣದಲ್ಲಿ ತೊಳೆಸಿದಾಗ ನೀರು ಗುಲಾಬಿಯಾಗುತ್ತದೆ. ದೆಹಲಿಯ ಆ ದೊಡ್ಡ ಹುದ್ದೆಯ ಅಧಿಕಾರ ತಾಲೂಕಿನ ಮಟ್ಟಕ್ಕೆ ಇಳಿಯುವುದು ಹೀಗೆ.

ಫೌಜದಾರಿಯಿಂದ ಕಲಿತ ಎರಡು ಪಾಠಗಳಲ್ಲಿ ಅವಧಿಯದನ್ನು 2003ರ ಜಾಗೃತ ಆಯೋಗದ ಕಾಯ್ದೆ ಎರಡು ವರ್ಷದ ಭದ್ರತೆಯಾಗಿ ಬರೆದಿಟ್ಟಿತು. 2013ರ ಲೋಕಪಾಲ ಕಾಯ್ದೆ ಆಯ್ಕೆಯನ್ನು ಪ್ರಧಾನಿ, ವಿರೋಧ ಪಕ್ಷದ ನಾಯಕ ಮತ್ತು ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಸೂಚಿಸಿದ ನ್ಯಾಯಮೂರ್ತಿ ಇರುವ ಸಮಿತಿಗೆ ಕೊಟ್ಟಿತು. 2018ರ ಅಕ್ಟೋಬರಿನಲ್ಲಿ ಆಗಿನ ನಿರ್ದೇಶಕ ಅಲೋಕ್ ವರ್ಮಾ ಅವರನ್ನು ರಾತ್ರೋರಾತ್ರಿ ಅಧಿಕಾರದಿಂದ ದೂರವಿಟ್ಟಾಗ, ಸಮಿತಿಯನ್ನು ಕೇಳದೆ ಹಾಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿ 8ರಂದು ಹೇಳಿತು. 2021ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಎರಡು ವರ್ಷದ ಮೇಲೆ ಒಂದೊಂದೇ ವರ್ಷದಂತೆ ಒಟ್ಟು ಐದು ವರ್ಷದವರೆಗೆ ಮುಂದುವರಿಸಬಹುದು. ಈ ತಿದ್ದುಪಡಿ ನನಗೆ ಸರಿ ಕಾಣುವುದಿಲ್ಲ. ಐದು ವರ್ಷ ಬೇಕಿದ್ದರೆ ಒಮ್ಮೆಗೇ ಕೊಡಬಹುದಿತ್ತು. ವರ್ಷವರ್ಷವೂ ವಿಸ್ತರಣೆಗೆ ಕಾಯುವ ಅಧಿಕಾರಿ ಎಷ್ಟೇ ಪ್ರಾಮಾಣಿಕನಾಗಿರಲಿ, ಅವನ ತೀರ್ಮಾನಗಳನ್ನು ಜನ ಅನುಮಾನದಿಂದ ನೋಡುವಂತಾಗುತ್ತದೆ.

ಒಪ್ಪಿಗೆಯ ಪಾಠಕ್ಕೆ ಈ ಸೀಮೆಯ ಹೆಸರೇ ಅಂಟಿಕೊಂಡಿದೆ. ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಹುಟ್ಟಿದ್ದು ಶಿಗ್ಗಾವಿ–ಸವಣೂರು ಭಾಗದ ಕಾರಡಗಿಯಲ್ಲಿ. 1989ರ ಏಪ್ರಿಲ್ 21ರಂದು ವಜಾಗೊಂಡ ಅವರ ಸರ್ಕಾರದ ಪ್ರಕರಣದಲ್ಲಿ, 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲ ಸ್ವರೂಪದ ಭಾಗ ಎಂದು ಹೇಳಿತು. ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ ಎಂಬ ಅರಿವು ದೇಶಕ್ಕೆ ಗಟ್ಟಿಯಾಗಿ ಬಂದದ್ದು ಆ ತೀರ್ಪಿನಿಂದ. ಮೂರು ದಶಕಗಳ ಬಳಿಕ, 2024ರ ಸೆಪ್ಟೆಂಬರ್ 26ರಂದು, ಕರ್ನಾಟಕ ಸಂಪುಟ ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನು ಹಿಂತೆಗೆದುಕೊಂಡಿತು. ಇನ್ನು ಪ್ರಕರಣಕ್ಕೊಂದು ಒಪ್ಪಿಗೆ ಬೇಕು. ಮೊದಲೇ ದಾಖಲಾದ ಪ್ರಕರಣಗಳಿಗೆ ಇದು ತಟ್ಟುವುದಿಲ್ಲ. ಅದನ್ನು 1994ರ ಕಾಜಿ ಲೆಂಡುಪ್ ದೋರ್ಜಿ ಪ್ರಕರಣದ ತೀರ್ಪೇ ಸ್ಪಷ್ಟಪಡಿಸಿದೆ.

ಒಪ್ಪಿಗೆ ಹಿಂತೆಗೆದುಕೊಳ್ಳುವ ಹಕ್ಕು ರಾಜ್ಯಕ್ಕೆ ಇರಲೇಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಮಿಲನ ಲಿಖಿತ ಕೋರಿಕೆಯಿಲ್ಲದೆ ಫೌಜದಾರ ಹಳ್ಳಿಗೆ ನುಗ್ಗಬಾರದು ಎಂದ ವಿವೇಕವೇ ಇಲ್ಲೂ ಇದೆ. ಆದರೆ ಅಬಲೂರಿನ ಶಾಸನ ಎತ್ತುವ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಊರಿನ ಪ್ರಬಲನೇ ಎದುರು ಪಕ್ಷವಾದಾಗ ದೂರುದಾರ ಎಲ್ಲಿಗೆ ಹೋಗಬೇಕು? ನೆರೆಯ ಧಾರವಾಡದ ಉದಾಹರಣೆಯೇ ಇದೆ. ಜಿಲ್ಲಾ ಪಂಚಾಯಿತಿ ಸದಸ್ಯ ಯೋಗೇಶಗೌಡ ಗೌಡರ್ 2016ರ ಜೂನ್ 15ರಂದು ಕೊಲೆಯಾದರು. ಪ್ರಕರಣ ಸಿಬಿಐಗೆ ಹೋದದ್ದು 2019ರಲ್ಲಿ, ಸರ್ಕಾರ ಬದಲಾದ ಮೇಲೆ. ಒಪ್ಪಿಗೆ ಎನ್ನುವುದು ಆಯಾ ಕಾಲದ ಸರ್ಕಾರದ ಮನಸ್ಸಿನ ಮೇಲೆ ನಿಂತರೆ ನ್ಯಾಯವೂ ಚುನಾವಣೆಯ ಫಲಿತಾಂಶಕ್ಕೆ ಕಾಯಬೇಕಾಗುತ್ತದೆ. ಸಂವಿಧಾನಪೀಠ 2010ರ ಫೆಬ್ರುವರಿ 17ರಂದು ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ಹೇಳಿದಂತೆ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ರಾಜ್ಯದ ಒಪ್ಪಿಗೆಯಿಲ್ಲದೆಯೂ ಸಿಬಿಐ ತನಿಖೆಗೆ ಆದೇಶಿಸಬಹುದು, ಆದರೆ ಅಪರೂಪಕ್ಕೆ, ತೀರಾ ಅಗತ್ಯವಿದ್ದಾಗ ಮಾತ್ರ. ಹಾನಗಲ್ಲಿನ ಅಥವಾ ಹಿರೇಕೆರೂರಿನ ಬಡ ಕುಟುಂಬಕ್ಕೆ ಅದರ ಅರ್ಥ ಧಾರವಾಡದ ಹೈಕೋರ್ಟ್ ಪೀಠದವರೆಗೆ ವಕೀಲರನ್ನು ಹಿಡಿದು ಹೋಗುವುದು.

ಹೀಗಾಗಿ ರಾಜ್ಯ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಸಿಬಿಐಗೆ ಬಾಗಿಲು ಪೂರ್ತಿ ತೆರೆಯಿರಿ ಎಂಬುದಲ್ಲ. ಪ್ರಕರಣವಾರು ಒಪ್ಪಿಗೆ ಕೋರಿ ಬಂದ ಪ್ರತಿ ಮನವಿಗೆ ಗೊತ್ತಾದ ಗಡುವಿನೊಳಗೆ ಲಿಖಿತ ಉತ್ತರ ಕೊಡಬೇಕು. ನಿರಾಕರಿಸಿದರೆ ಕಾರಣವನ್ನು ದೂರುದಾರನಿಗೆ ತಿಳಿಸಬೇಕು. ಅಂಥ ನಿರ್ಧಾರಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದಿಡಬೇಕು. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ದೆಹಲಿಯ ಅನುಮತಿಯೂ ಬೇಕಿಲ್ಲ. ರಾಜ್ಯದ ಗೃಹ ಇಲಾಖೆಯ ಒಂದು ಆದೇಶ ಸಾಕು. ಈ ನಾಲ್ಕು ತಾಲೂಕುಗಳನ್ನು ಪ್ರತಿನಿಧಿಸುವ ಶಾಸಕರು, ಪಕ್ಷ ಯಾವುದೇ ಇರಲಿ, ಸದನದಲ್ಲಿ ಇದನ್ನು ಕೇಳಬೇಕು.